ಬಿಜಾಪುರ ಸೀಮೆಯಲ್ಲಿ ತಂಪಿನ ಏರ್ಪಾಡುಗಳೂ ಬೀಸಣಿಗೆಯೂ

ಡೋಣಿ ಹೊಳೆಯ ಸೀಮೆಯಲ್ಲಿರುವ ತಾಳಿಕೋಟೆಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ 1565ರ ಯುದ್ಧದ ಮೂಲಕ ಪರಿಚಿತವಾದುದು. ಆದರೆ ಕೃಷ್ಣಾ ಭೀಮಾ ನದಿಗಳ ನಡುವಣ ಈ ಎರೆಭೂಮಿಯ ಜನರು ಯಾವ ಸುಲ್ತಾನರ ಕಾಲಕ್ಕೂ ಮೊದಲಿನಿಂದ ಬೇರೊಂದು ಹೋರಾಟವನ್ನು ನಡೆಸುತ್ತ ಬಂದಿದ್ದಾರೆ. ಅದು ಬೇಸಗೆಯೊಡನೆ ನಡೆದುದು. ಚೈತ್ರ ವೈಶಾಖಗಳಲ್ಲಿ ಇಲ್ಲಿಯ ಉಷ್ಣಮಾನವು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಗಾಳಿಯಲ್ಲಿ ತೇವಾಂಶ ಬಲು ಕಡಮೆ. ದೊಡ್ಡ ಛಾವಣಿ ಪಂಖಗಳನ್ನು ಶೀತಕ ಯಂತ್ರಗಳೊಡನೆ ಜೋಡಿಸಿ ಬಳಸುವ ಪದ್ಧತಿಯು ಕಾರ್ಖಾನೆಗಳಲ್ಲಿಯೂ ಉಗ್ರಾಣಗಳಲ್ಲಿಯೂ ಹಬ್ಬುತ್ತಿರುವ ಈ ಕಾಲದಲ್ಲಿ, ಇಂಥ ಜೋಡಣೆಯ ಪೂರ್ವೇತಿಹಾಸವನ್ನು ಈ ಸೀಮೆಯ ನೆಲೆಯಿಂದ ಪರಿಶೀಲಿಸುವುದು ನಮ್ಮ ಉದ್ದೇಶವಾಗಿದೆ.

ತಂಪು ಎಂಬುದು ಎರಡು ಬೇರೆ ಬೇರೆ ಕಾರ್ಯಗಳ ಫಲ. ಇರುವ ಸ್ಥಳದ ಶಾಖವನ್ನೇ ತಗ್ಗಿಸುವುದು ಒಂದು. ಮೈಮೇಲೆ ಗಾಳಿ ಆಡುವಂತೆ ಮಾಡಿ ಬೆವರನ್ನು ಆರಿಸುವುದು ಇನ್ನೊಂದು. ಇವುಗಳಲ್ಲಿ ಮೊದಲನೆಯದನ್ನು ಈ ನಾಡಿನವರು ಕಲ್ಲು, ಮಣ್ಣು, ನೀರುಗಳಿಂದ ಸಾಧಿಸಿದರು. ಎರಡನೆಯದಕ್ಕೆ ಬಹುಕಾಲ ಮನುಷ್ಯನ ತೋಳೇ ಗತಿಯಾಗಿತ್ತು. ಈ ಭೇದವನ್ನು ಲಕ್ಷ್ಯದಲ್ಲಿಟ್ಟರೆ ಮುಂದಿನ ಸಂಗತಿಗಳು ಸ್ಪಷ್ಟವಾಗುತ್ತವೆ.

1. ಕಲ್ಲು ಮತ್ತು ನೀರು

ತಾಳಿಕೋಟೆಯ ಸುತ್ತಮುತ್ತ ದೊರೆಯುವ ಸುಣ್ಣಕಲ್ಲು ಪದರ ಪದರವಾಗಿ ಏಳುವಂಥದು. ಈ ಪರಸಿಯನ್ನು ನೆಲಕ್ಕೆ ಹಾಸಿ, ಕಲ್ಲುಮಣ್ಣಿನ ದಪ್ಪ ಗೋಡೆಗಳನ್ನೆಬ್ಬಿಸಿ, ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿ ಮಾಡಿದ ಮಾಳಿಗೆ ಮನೆಯು ಹಗಲಿನ ಬಿಸಿಲನ್ನು ಒಳಗೆ ಬಿಡುವುದು ಬಹು ನಿಧಾನ. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯು ಬೆಳಕನ್ನು ಕೊಡುವುದಲ್ಲದೆ ಮೇಲೇರಿದ ಬಿಸಿಗಾಳಿಗೆ ದಾರಿಯನ್ನೂ ಮಾಡಿಕೊಡುತ್ತದೆ. ಗೋಡೆಗಳು ಹೀರಿದ ಶಾಖ ಹೊರಬೀಳುವ ರಾತ್ರಿಯಲ್ಲಿ ಜನರು ಮಾಳಿಗೆಯನ್ನೇರಿ ಬಯಲಿನ ಗಾಳಿಗೆ ಮಲಗುವರು. ಹಗಲಿಗೆ ಗೋಡೆ, ಇರುಳಿಗೆ ಗಾಳಿ ಎಂಬ ಈ ಹಂಚಿಕೆಯೇ ಬಡವನ ತಂಪಿನ ಏರ್ಪಾಡು.

ಆದಿಲಶಾಹಿ ಅರಸರು ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದರು. ತೊರವಿಯ ಕಡೆಯಿಂದ ಬಂದ ನೀರು, 1620ರ ತಾಜ ಬಾವಡಿ, 1651ರ ಬೇಗಂ ತಲಾಬು ರಾಜಧಾನಿಯ ಬಾಯಾರಿಕೆಯನ್ನು ನೀಗಿದವು. ಬಿಜಾಪುರದ ಪೂರ್ವಕ್ಕೆ ಸುಮಾರು 10 ಮೈಲಿ ದೂರದಲ್ಲಿರುವ ಕುಮಟಗಿಯ ವಿಹಾರಮಂದಿರಗಳಲ್ಲಿಯಾದರೋ ನೀರನ್ನು ಎತ್ತರಕ್ಕೇರಿಸಿ, ಕೊಳವೆಗಳಲ್ಲಿ ಹರಿಯಿಸಿ, ಕಾರಂಜಿಯಾಗಿಯೂ ತುಂತುರಾಗಿಯೂ ಚಿಮ್ಮಿಸುವ ವ್ಯವಸ್ಥೆಯಿತ್ತು. ಒಣಗಾಳಿಯಲ್ಲಿ ಸಿಡಿದ ಹನಿಯು ಆವಿಯಾಗುತ್ತ ಗಾಳಿಯ ಶಾಖವನ್ನು ಹೀರುವುದರಿಂದ ಇದು ಕಣ್ಣಿಗಷ್ಟೇ ಅಲ್ಲ, ಮೈಗೂ ಹಿತವಾದ ಏರ್ಪಾಡಾಗಿತ್ತು.

1656ರಲ್ಲಿ ನಿಧನನಾದ ಮಹಮ್ಮದ್ ಆದಿಲಶಹನ ಸಮಾಧಿಯಾದ ಗೋಲಗುಮ್ಮಟವು ಸಮಾಧಿಯಾಗಿದ್ದರೂ ನಮಗೆ ಇನ್ನೊಂದು ಪಾಠವನ್ನು ಹೇಳುತ್ತದೆ. 18,000 ಚದರ ಅಡಿಗೂ ಮಿಕ್ಕ ಒಂದೇ ಅಂಕಣದ ಮೇಲೆ ಸುಮಾರು 175 ಅಡಿ ಎತ್ತರದ ಅವಕಾಶವಿದೆ. ಬಿಸಿಗಾಳಿ ಹಗುರವಾದುದರಿಂದ ಮೇಲೇರಿ ನಿಲ್ಲುತ್ತದೆ. ತಂಪು ನೆಲದಲ್ಲಿ ಉಳಿಯುತ್ತದೆ. ಎತ್ತರದ ಕಟ್ಟಡಗಳಲ್ಲಿ ಗಾಳಿಯು ಹೀಗೆ ಪದರಗಳಾಗಿ ಬೇರ್ಪಡುವುದೇ ಇಂದಿನ ದೊಡ್ಡ ಪಂಖಗಳ ಮೂಲಪ್ರಶ್ನೆ. ಶೀತದೇಶಗಳಲ್ಲಿ ಕಾಯಿಸಿದ ಗಾಳಿ ಛಾವಣಿಗಂಟಿ ವ್ಯರ್ಥವಾಗದಂತೆ ಅದನ್ನು ಕೆಳಕ್ಕಿಳಿಸಲು ಪಂಖವನ್ನು ಬಳಸುವರು. ನಮ್ಮ ನಾಡಿಗೆ ಆ ಅಗತ್ಯ ಅತ್ಯಲ್ಪ.

2. ತಟ್ಟಿ ಮತ್ತು ಪಂಖ

ಲಾವಂಚದ ಬೇರಿನಿಂದ ಹೆಣೆದು ನೀರೆರಚಿದ ಕೊಠಡಿಗಳ ಉಲ್ಲೇಖವು ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿದೆ. ಫ್ರೆಂಚ್ ಪ್ರವಾಸಿ ಬರ್ನಿಯೆಯು 1663ರ ತನ್ನ ಪತ್ರದಲ್ಲಿ ದಿಲ್ಲಿಯ ಉಳ್ಳವರ ಮನೆಗಳನ್ನು ವರ್ಣಿಸುತ್ತ, ಮಧ್ಯಾಹ್ನದ ವಿಶ್ರಾಂತಿಗಾಗಿ ದೊಡ್ಡ ಬೀಸಣಿಗೆಗಳುಳ್ಳ ನೆಲಮನೆಗಳಿದ್ದುದನ್ನು ತಿಳಿಸಿದ್ದಾನೆ. ನೆಲಮನೆಯ ತಂಪಿದ್ದೂ ಬೀಸಣಿಗೆ ಬೇಕಾಯಿತೆಂಬುದು ಇಲ್ಲಿ ಗಮನಾರ್ಹ. ಒಂದು ಏರ್ಪಾಡು ಇನ್ನೊಂದರ ಸ್ಥಾನವನ್ನು ತುಂಬಲಾರದೆಂಬುದನ್ನು ಆ ಕಾಲದವರು ಬಲ್ಲವರಾಗಿದ್ದರು.

ಬ್ರಿಟಿಷರ ಕಾಲದಲ್ಲಿ ಬಾಗಿಲಿಗೆ ಒದ್ದೆ ತಟ್ಟಿ, ಛಾವಣಿಗೆ ಬಟ್ಟೆಯ ತೂಗುಪಂಖ ಎಂಬ ಜೋಡಿಯು ಕಚೇರಿ ಬಂಗಲೆಗಳ ಸಾಮಾನ್ಯ ಲಕ್ಷಣವಾಯಿತು. ಒದ್ದೆ ತಟ್ಟಿಗಳ ಪೆಟ್ಟಿಗೆಯಲ್ಲಿ ಚಕ್ರವನ್ನು ತಿರುಗಿಸಿ ಗಾಳಿಯನ್ನು ಒಳಕ್ಕೆ ನೂಕುವ ಯಂತ್ರವೂ 19ನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ಇಂದಿನ ಏರ್ ಕೂಲರಿಗೆ ಅದೇ ಪೂರ್ವಜ. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಆದಿಲಶಾಹಿ ಅರಮನೆಗಳೇ ಕೆಲವು ಕಚೇರಿಗಳಾದವು. ದಪ್ಪ ಗೋಡೆಗಳ ತಂಪು ಹೊಸ ಅಧಿಕಾರಿಗಳಿಗೆ ಹಾಗೆಯೇ ದೊರೆಯಿತು.

ಗೋಡೆಯಾಗಲಿ ತಟ್ಟಿಯಾಗಲಿ ಕೋಣೆಯಲ್ಲಿದ್ದವರಿಗೆಲ್ಲ ಒಂದೇ ಸಮನಾಗಿ ತಂಪನ್ನೀಯುತ್ತದೆ. ಪಂಖ ಹಾಗಲ್ಲ. ಹಗ್ಗವನ್ನೆಳೆಯುವವನು ಅನೇಕ ವೇಳೆ ಗೋಡೆಯ ಹೊರಗೆ, ಜಗಲಿಯ ಬಿಸಿಗಾಳಿಯಲ್ಲಿ ಕುಳಿತಿರುತ್ತಿದ್ದನು. ಅವನು ಎಬ್ಬಿಸಿದ ಗಾಳಿ ಅವನಿಗೆ ತಾಗುತ್ತಿರಲಿಲ್ಲ. ಫಾರ್ಸ್ಟರನ 1924ರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ನ್ಯಾಯಾಲಯದ ಪ್ರಕರಣದಲ್ಲಿ ಪಂಖ ಎಳೆಯುವವನೊಬ್ಬನು ಮರೆಯಲಾಗದ ಚಿತ್ರವಾಗಿ ಉಳಿದಿದ್ದಾನೆ. ಆದರೆ ನಾಡಿನ ಅಸಂಖ್ಯ ಕಚೇರಿಗಳಲ್ಲಿ ಹಗ್ಗ ಹಿಡಿದವರ ಹೆಸರುಗಳು ಇತಿಹಾಸದಲ್ಲಿ ಸೇರಲಿಲ್ಲ.

3. ವಿದ್ಯುತ್ತಿನ ಪಂಖ

1880ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಪಂಖವು ರೂಪುಗೊಂಡಿತು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಮುಟ್ಟಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪಗಳು ಹೊತ್ತಿದವು. 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ಈ ಸೌಲಭ್ಯ ಬಹಳ ತಡವಾಗಿ ಬಂದಿತು. ತಡವಾದರೂ ಅದರ ಪರಿಣಾಮ ದೊಡ್ಡದು: ಮತ್ತೊಬ್ಬನ ತೋಳನ್ನು ಬೇಡದ ಗಾಳಿಯು ಮೊದಲ ಬಾರಿಗೆ ಸಾಮಾನ್ಯನ ಪಡಸಾಲೆಗೆ ಬಂದಿತು.

1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹೈನುಗಾರಿಕೆಯ ಕೊಟ್ಟಿಗೆಗಳಿಗಾಗಿ ನಿರ್ಮಿತವಾದ ಬೃಹತ್ ಪಂಖಗಳು 24 ಅಡಿಯವರೆಗಿನ ವ್ಯಾಸವುಳ್ಳವು. ಅವುಗಳ ಗುಣ ನಿಧಾನಗತಿಯಲ್ಲಿದೆ. ಪಂಖದ ವೇಗವನ್ನು ಅರ್ಧಕ್ಕಿಳಿಸಿದರೆ ಚಲಿಸುವ ಗಾಳಿ ಅರ್ಧವಾಗುತ್ತದೆ, ಬೇಕಾಗುವ ಶಕ್ತಿಯಾದರೋ ಸುಮಾರು ಎಂಟನೆಯ ಒಂದು ಪಾಲಿಗಿಳಿಯುತ್ತದೆ. ಆದುದರಿಂದ ದೊಡ್ಡ ರೆಕ್ಕೆ ಮೆಲ್ಲನೆ ತಿರುಗುವುದೇ ಮಿತವ್ಯಯ. ಇಂಥ ಗಾಳಿಯಿದ್ದಲ್ಲಿ ಶೀತಕ ಯಂತ್ರವನ್ನು ಎರಡು ಮೂರು ಡಿಗ್ರಿ ಮೇಲಕ್ಕಿಟ್ಟರೂ ಮೈಗೆ ಅದೇ ಹಿತ ದೊರೆಯುತ್ತದೆ. ಭಾರತದಲ್ಲಿ 2020ರ ಜನವರಿ 1ರಿಂದ ಮನೆಬಳಕೆಯ ಶೀತಕ ಯಂತ್ರಗಳ ಆರಂಭಿಕ ಮಟ್ಟವನ್ನು 24 ಡಿಗ್ರಿಗೆ ನಿಗದಿಪಡಿಸಿದುದರ ಹಿಂದೆಯೂ ಮಿತವ್ಯಯದ ವಿಚಾರವೇ ಇದೆ.

4. ಸಮಾರೋಪ

ಪಂಖವು ಕೋಣೆಯನ್ನು ತಂಪುಮಾಡುವುದಿಲ್ಲ; ಮನುಷ್ಯನನ್ನು ಮಾತ್ರ ತಂಪುಮಾಡುತ್ತದೆ. ಗಾಳಿಯ ಉಷ್ಣಮಾನವು ಚರ್ಮದ ಸುಮಾರು 35 ಡಿಗ್ರಿಯನ್ನು ಬಹಳ ಮೀರಿದಾಗ ಅದರ ಉಪಕಾರವೂ ಕುಗ್ಗುತ್ತದೆ. ಈಗ ತಾಲೂಕಾಗಿರುವ ತಾಳಿಕೋಟೆಯಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಮಣ್ಣಿನ ಮಾಳಿಗೆಗಳು ಹಿಂದೆ ಸರಿದು ಸಿಮೆಂಟಿನ ಛಾವಣಿ, ಪತ್ರಾಸಿನ ಶೆಡ್ಡುಗಳು ಬಂದಿವೆ. ಕಾದ ಪತ್ರಾಸಿನಡಿ ತಿರುಗುವ ಪಂಖವು ಕಾದ ಗಾಳಿಯನ್ನೇ ಕೆಳಕ್ಕಿಳಿಸುತ್ತದೆ. ಹಿಂದಿನವರಿಗೆ ಗೋಡೆಯ ತಂಪಿತ್ತು, ಸುಲಭವಾದ ಗಾಳಿಯಿರಲಿಲ್ಲ. ನಮಗೆ ಗಾಳಿ ಸುಲಭವಾಯಿತು, ಗೋಡೆಯ ತಂಪು ಕೈಬಿಟ್ಟಿತು. ಎರಡನ್ನೂ ಕೂಡಿಸುವುದರಲ್ಲಿಯೇ ಹಿತವಿದೆಯೆಂಬುದು ಈ ಸೀಮೆಯ ಇತಿಹಾಸದಿಂದ ನಾವು ಪಡೆಯಬಹುದಾದ ನಿರ್ಣಯ. ಉಗ್ರಾಣ, ಶಾಲೆ, ಮಾರುಕಟ್ಟೆಗಳನ್ನು ಕಟ್ಟುವವರು ಪಂಖದ ಲೆಕ್ಕ ಹಾಕುವ ಮೊದಲು ಛಾವಣಿಯ ಲೆಕ್ಕವನ್ನು ಹಾಕಬೇಕಾಗಿದೆ.