ಕೆರೆಯಂಚಿನ ಗಿಡ, ಹಿತ್ತಲಿನ ಹೊಂಡ: ಚಿಕ್ಕಬಳ್ಳಾಪುರ ಸೀಮೆಯ ಜೌಗು ಸಸ್ಯಗಳನ್ನು ಕುರಿತು

ಸಾರಾಂಶ: ಹಿತ್ತಲಿನ ಹೊಂಡದಲ್ಲಿ ಜೌಗು ಸಸ್ಯಗಳನ್ನು ಬೆಳೆಸುವ ಬಗೆಯನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ನೀರಿನ ಸ್ಥಿತಿಯ ಹಿನ್ನೆಲೆಯಲ್ಲಿ ಈ ಲೇಖನ ಪರಿಶೀಲಿಸುತ್ತದೆ. ನೀರು ತಿಳಿಯಾಗಿಸುವ ಗಿಡಕ್ಕೂ ಅಡುಗೆಗೆ ಒದಗುವ ಗಿಡಕ್ಕೂ ಒಂದೇ ಹೊಂಡ ಸಲ್ಲದು ಎಂಬುದು ಇಲ್ಲಿನ ವಾದ.

1. ನೀರಿನ ಸ್ಥಿತಿ

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ. ವರ್ಷವಿಡೀ ಹರಿಯುವ ಹೊಳೆ ಮಾತ್ರ ಇಲ್ಲ. ಮಳೆ ವರ್ಷಕ್ಕೆ ಸುಮಾರು 750 ಮಿ.ಮೀ.; ಬಿಸಿಲಿಗೆ ಆರಿಹೋಗುವ ನೀರು ಅದಕ್ಕಿಂತ ಎಷ್ಟೋ ಹೆಚ್ಚು. ಕೊಳವೆಬಾವಿಯ ನೀರಿನಿಂದ ಅಲಂಕಾರದ ಕೊಳ ತುಂಬಿಸುವುದು ಈ ಸೀಮೆಗೆ ಹೊಂದದು. ಹೊಂಡಕ್ಕೆ ಒದಗುವುದು ಸೂರಿನ ಮಳೆನೀರು, ಇಲ್ಲವೇ ಬಚ್ಚಲ ನೀರು.

2. ಕೆರೆಯಂಚಿನ ಕ್ರಮ

ಏರಿಗೆ ಎದುರಿನ ಇಳಿಜಾರು ದಡದಲ್ಲಿ ಗಿಡಗಳು ನೀರಿನ ಆಳಕ್ಕೆ ತಕ್ಕಂತೆ ನೆಲೆಗೊಳ್ಳುತ್ತವೆ. ತೇವದ ನೆಲದಲ್ಲಿ ಒಂದೆಲಗ (ಸೆಂಟೆಲ್ಲಾ ಏಷ್ಯಾಟಿಕಾ) ಮತ್ತು ಹೊನಗೊನೆ. ತೆಲುಗು ಮನೆಮಾತಿನವರಿಗೆ ಹೊನಗೊನೆಯೇ ಪೊನ್ನಗಂಟಿ. ಕೆಸರಿನಲ್ಲಿ ನೀರುಬ್ರಾಹ್ಮಿ, ಕೆಸು. ನಿಂತ ನೀರಿನಲ್ಲಿ ಜೊಂಡು (ಟೈಫಾ). ಗೌರಿಬಿದನೂರಿಗೆ ಹೊಂದಿಕೊಂಡ ಕೊರಟಗೆರೆ ತಾಲ್ಲೂಕಿನಲ್ಲಿ ಬೆಳೆಯಾಗಿಯೇ ಬೆಳೆಸುವ ಬಜೆ (ಅಕೋರಸ್ ಕ್ಯಾಲಮಸ್) ಕೂಡ ಕೆಸರಿನ ಗಿಡ. ಹಿತ್ತಲ ಹೊಂಡದ ಪಕ್ಕವನ್ನು ನೆಟ್ಟಗೆ ಕಡಿಯದೆ ಮೆಟ್ಟಿಲಾಗಿ ತೋಡಿ, ಕೆರೆಗೋಡು ಹರಡಿದರೆ ಇದೇ ಕ್ರಮ ಅಲ್ಲಿಯೂ ಒದಗುತ್ತದೆ.

3. ಬಚ್ಚಲ ಹಿಂದಿನ ಜೌಗು

ಬಚ್ಚಲ ನೀರು ಹರಿಯುವಲ್ಲಿ ಕೆಸು, ಬಾಳೆ ನೆಡುವುದು ನಮ್ಮಲ್ಲಿ ಹಳೆಯ ರೂಢಿ. ಕೆಸರಿನಲ್ಲಿ ಗಾಳಿ ಆಡುವುದಿಲ್ಲ; ಜೊಂಡು, ಕೆಸುಗಳ ಒಳಗಿನ ಟೊಳ್ಳು ಅಂಗಾಂಶ ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಸುತ್ತದೆ. ಬೇರಿನ ಸುತ್ತ ನೆಲೆಸಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಸಾರಜನಕ, ರಂಜಕಗಳ ಒಂದು ಪಾಲನ್ನು ಗಿಡ ಹೀರುತ್ತದೆ. ಹೀರಿದ್ದು ಹೊಂಡದಿಂದ ಹೊರಬೀಳುವುದು ಗಿಡವನ್ನು ಕೊಯ್ದು ತೆಗೆದಾಗ ಮಾತ್ರ. ಹಾಗೇ ಬಿಟ್ಟರೆ ಅಲ್ಲೇ ಕೊಳೆತು ನೀರಿಗೆ ಮರಳುತ್ತದೆ. ಜಲ್ಲಿ ತುಂಬಿ, ನೀರಿನ ಮಟ್ಟವನ್ನು ಜಲ್ಲಿಯ ಮೇಲ್ಮೈಗಿಂತ ಕೆಳಗೇ ಇರಿಸಿದರೆ ಸೊಳ್ಳೆ ಮೊಟ್ಟೆಯಿಡಲು ಎಡೆಯಿಲ್ಲ. ಆದರೆ ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ರೇಷ್ಮೆಗೂಡು ಬೇಯಿಸಿದ ನೀರು ಬೇರೆಯೇ. ಅದರಲ್ಲಿ ಕರಗಿದ ಅಂಟು ಪ್ರೋಟೀನು ಬೇಗ ಕೊಳೆತು ನಾರುತ್ತದೆ; ಆ ಹೊರೆಯನ್ನು ಸಣ್ಣ ಜೌಗು ಪಾತಿ ತಾಳದು.

4. ಚರ್ಚೆ

ನೀರು ತೊಳೆಯುವ ಗುಣವೇ ಊಟದ ತಟ್ಟೆಯಲ್ಲಿ ದೋಷವಾಗುತ್ತದೆ. ಜೌಗು ಗಿಡಗಳು ಪೋಷಕಾಂಶಗಳ ಜೊತೆ ಭಾರಲೋಹಗಳನ್ನೂ ಹೀರಬಲ್ಲವು. ಕೊಳೆ ನೀರಿನ ರೋಗಾಣುಗಳು ಎಲೆಗೆ ಅಂಟುತ್ತವೆ. ಕೆ.ಸಿ. ವ್ಯಾಲಿ ಯೋಜನೆ 2018ರಿಂದ ಕೋಲಾರದ ಕಡೆಗೂ, ಎಚ್.ಎನ್. ವ್ಯಾಲಿ ಯೋಜನೆ ಅನಂತರ ಚಿಕ್ಕಬಳ್ಳಾಪುರದ ಕಂದವಾರ ಮೊದಲಾದ ಕೆರೆಗಳಿಗೂ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ತಂದವು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯ ಇಲ್ಲಿ ಇನ್ನೂ ಆರಿಲ್ಲ. ಅಂಥ ಕೆರೆಯ ದಡದಿಂದ ಸೊಪ್ಪು ಕಿತ್ತು ತರುವ ರೂಢಿಯನ್ನು ಈಗ ಮರುಯೋಚಿಸಬೇಕಾಗಿದೆ.

ಉಪಸಂಹಾರ

ಹಿತ್ತಲಿಗೆ ಎರಡು ಹೊಂಡ ಬೇಕು. ಬಚ್ಚಲ ನೀರಿನದು ತಗ್ಗಿನಲ್ಲಿ, ಜೊಂಡು ಮತ್ತು ಕೆಸುವಿಗೆ. ಮಳೆನೀರಿನದು ಎತ್ತರದಲ್ಲಿ, ಒಂದೆಲಗ, ಹೊನಗೊನೆ, ಬಜೆಗೆ. ಜಾಗ ಒಂದಕ್ಕೇ ಸಾಲುವುದಾದರೆ ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ಬಚ್ಚಲ ಹೊಂಡದ ಹೊನಗೊನೆ ಎಷ್ಟೇ ಸೊಂಪಾಗಿರಲಿ, ಅದು ಮಸ್ಸೊಪ್ಪಿಗಲ್ಲ.