ಭತ್ತದ ಗದ್ದೆಗೆ ಸಾವಯವ ಗೊಬ್ಬರ

ಭತ್ತಕ್ಕೆ ಸಾರಜನಕದ ಹಸಿವು ಹೆಚ್ಚುವುದು ಎರಡು ಹೊತ್ತಿನಲ್ಲಿ: ತೆಂಡೆ ಒಡೆಯುವಾಗ ಮತ್ತು ಕಾಂಡದೊಳಗೆ ತೆನೆ ಮೂಡುವಾಗ. ಯೂರಿಯಾ ಕೆಲವೇ ದಿನಗಳಲ್ಲಿ ಬೇರಿಗೆ ಸಿಗುತ್ತದೆ. ಸೊಪ್ಪು, ಸಗಣಿಗಳು ಮೊದಲು ಕೊಳೆಯಬೇಕು. ಆದ್ದರಿಂದ ಸಾವಯವ ಭತ್ತದಲ್ಲಿ ಎಷ್ಟು ಹಾಕಿದೆವು ಎಂಬಷ್ಟೇ ಯಾವಾಗ ಹಾಕಿದೆವು ಎಂಬುದೂ ಮುಖ್ಯ.

ಹಸಿರೆಲೆ ಗೊಬ್ಬರ

ಮುಂಗಾರಿಗೆ ಮೊದಲೇ ನೀರು ಸಿಗುವ ಗದ್ದೆಯಾದರೆ ಡಯಾಂಚಕ್ಕಿಂತ ಒಳ್ಳೆಯ ಆರಂಭ ಇಲ್ಲ. ಎಕರೆಗೆ ಸುಮಾರು 20 ಕಿಲೋ ಬೀಜ ಚೆಲ್ಲಿ, 45 ದಿನಗಳ ಹೊತ್ತಿಗೆ, ಹೂ ಬಿಡುವ ಮುನ್ನ ಉತ್ತು ಕೆಸರಿಗೆ ತುಳಿಸುತ್ತಾರೆ. ಇದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಹುಲುಸಾಗಿ ಬಂದರೆ ಹೆಕ್ಟೇರಿಗೆ 60ರಿಂದ 80 ಕಿಲೋ ಸಾರಜನಕ ಸಿಕ್ಕೀತು. ತಡ ಮಾಡಿದರೆ ಕಾಂಡ ನಾರಾಗುತ್ತದೆ, ಬೇಗ ಕೊಳೆಯುವುದಿಲ್ಲ. ಚೌಳು ಮಣ್ಣಿನಲ್ಲೂ ಇದು ತಾಳಿ ಬೆಳೆಯುತ್ತದೆ. ತುಳಿಸಿದ ಮೇಲೆ ಒಂದು ವಾರ ಬಿಟ್ಟು ನಾಟಿ ಮಾಡುವುದು ಕ್ಷೇಮ; ಹಸಿ ಸೊಪ್ಪು ಕೊಳೆಯುವಾಗ ಹುಟ್ಟುವ ಆಮ್ಲಗಳು ಎಳೆ ಬೇರನ್ನು ಕಾಡುತ್ತವೆ.

ಬದುವಿನ ಹೊಂಗೆ, ಗೊಬ್ಬರದ ಗಿಡಗಳ ಸೊಪ್ಪೂ ಆಗುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಗ (ಪಟ್ಟಾ) ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಿಂದ ಸೊಪ್ಪು ತರುವ ಕುಮ್ಕಿ ಹಕ್ಕು ಇರುವುದು ಇದಕ್ಕೇ. ಗದ್ದೆಯ ಫಲವತ್ತತೆ ಗುಡ್ಡದ ಸೊಪ್ಪಿನಲ್ಲಿತ್ತು ಎಂಬುದನ್ನು ಹಿಂದಿನವರು ಕಾನೂನಿನೊಳಗೇ ಬರೆದಿಟ್ಟಿದ್ದರು.

ಕೊಟ್ಟಿಗೆ ಗೊಬ್ಬರ

ಚೆನ್ನಾಗಿ ಕಳಿತ ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಬರೀ 5 ಕಿಲೋದಷ್ಟು. ಅದರಲ್ಲೂ ಮೊದಲ ಬೆಳೆಗೆ ಸಿಗುವುದು ಒಂದು ಪಾಲು ಮಾತ್ರ, ಉಳಿದದ್ದು ಮುಂದಿನ ವರ್ಷಗಳಿಗೆ. ರಾಸಾಯನಿಕ ಬಿಟ್ಟ ಮೊದಲ ವರ್ಷ ಇಳುವರಿ ಕುಸಿಯುವುದಕ್ಕೆ ಇದೂ ಕಾರಣ. ಅರ್ಧ ಕೊಳೆತದ್ದನ್ನು ಹಾಕಿದರೆ ಇನ್ನೂ ಕಷ್ಟ: ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಹೀರಿಕೊಂಡು ಪೈರು ಹಳದಿಯಾಗುತ್ತದೆ.

ಅಜೋಲಾ ಮತ್ತು ಹಿಂಡಿ

ನಿಂತ ನೀರಿನ ಮೇಲೆ ಹರಡುವ ಪುಟ್ಟ ಜರೀಗಿಡ ಅಜೋಲಾ. ಅದರ ಎಲೆಯ ಪೊಟರೆಯಲ್ಲಿ ನೆಲೆಸಿದ ಅನಬೀನಾ ಎಂಬ ಸೂಕ್ಷ್ಮಜೀವಿ ಸಾರಜನಕ ಕೂಡಿಸುತ್ತದೆ. ರಂಜಕ ಕಡಿಮೆಯಾದರೆ, ಬಿಸಿಲು ಏರಿದರೆ ಇದು ಸೊರಗುತ್ತದೆ. ತೆಂಡೆಯ ಹೊತ್ತಿಗೆ ನೇರವಾಗಿ ಕೈಹಿಡಿಯುವುದು ಹೊಂಗೆ, ಬೇವಿನ ಹಿಂಡಿಗಳು. ಅವುಗಳಲ್ಲಿ ಸಾರಜನಕ ಶೇ 4ರಿಂದ 5, ಕೊಳೆಯುವುದೂ ಬೇಗ.

ಹುಲ್ಲು

ಪೈರು ಹೀರಿದ ಪೊಟ್ಯಾಷ್‌ನ ಬಹುಪಾಲು ಉಳಿಯುವುದು ಕಾಳಿನಲ್ಲಲ್ಲ, ಹುಲ್ಲಿನಲ್ಲಿ. ದನಕ್ಕೆ ಹಾಕಿದ ಹುಲ್ಲಿನದು ಸಗಣಿ, ಗಂಜಲದ ಮೂಲಕ ಗದ್ದೆಗೆ ಮರಳಬಹುದು; ಮಾರಿದ ಹುಲ್ಲಿನದು ಲಾರಿಯಲ್ಲಿ ಊರು ಬಿಡುತ್ತದೆ.