ತೀರ್ಪಿಲ್ಲದ ಸೆರೆ: ಅಲ್-ಹೋಲ್ ಶಿಬಿರ

ಸಿರಿಯ ದೇಶದ ಈಶಾನ್ಯ ಭಾಗದಲ್ಲಿ, ಇರಾಕಿನ ಗಡಿಗೆ ಸಮೀಪದಲ್ಲಿರುವ ಅಲ್-ಹೋಲ್ ಮೊದಲಿಗೆ ಸೆರೆಯ ತಾಣವಾಗಿರಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಮನೆ ಬಿಟ್ಟು ಓಡಿಬಂದ ಇರಾಕಿಗಳಿಗೆ ನೆರಳು ನೀಡಲೆಂದು ಅಲ್ಲಿ ಗುಡಾರಗಳೆದ್ದವು. 2003ರ ಯುದ್ಧದಲ್ಲಿ ಶಿಬಿರ ಪುನಃ ತೆರೆಯಿತು, 2016ರಲ್ಲಿ ಮತ್ತೊಮ್ಮೆ. 2018ರ ಕೊನೆಗೆ ಅಲ್ಲಿದ್ದವರು ಸುಮಾರು 10,000 ಮಂದಿ. ಮುಂದಿನ ಏಪ್ರಿಲ್ ಹೊತ್ತಿಗೆ ಆ ಸಂಖ್ಯೆ 73,000ವನ್ನು ಮೀರಿತ್ತು.

ಈ ಏರಿಕೆಗೆ ಕಾರಣ ಬಾಗೂಜ್ ಎಂಬ ಹಳ್ಳಿಯ ಪತನ. ಯೂಫ್ರೆಟಿಸ್ ನದಿಯ ದಡದಲ್ಲಿದ್ದ ಈ ಹಳ್ಳಿ 'ಇಸ್ಲಾಮಿಕ್ ಸ್ಟೇಟ್' ಉಗ್ರರ ಕಟ್ಟಕಡೆಯ ನೆಲೆ. 2019ರ ಮಾರ್ಚ್ 23ರಂದು ಅದು ಕುರ್ದ್ ನೇತೃತ್ವದ ಪಡೆಗಳ ವಶವಾಯಿತು. ಸೆರೆಸಿಕ್ಕ ಗಂಡಸರನ್ನು ಕಾರಾಗೃಹಗಳಿಗೆ ಸಾಗಿಸಿದರು. ಹೆಂಗಸರು ಮತ್ತು ಮಕ್ಕಳನ್ನು ಅಲ್-ಹೋಲಿಗೆ ತಂದರು. ಶಿಬಿರದಲ್ಲಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳೇ.

ಇವರನ್ನು ಸೆರೆಯಲ್ಲಿಟ್ಟವರು ಒಂದು ರಾಷ್ಟ್ರದ ಸರ್ಕಾರವಲ್ಲ ಎಂಬುದು ಇಲ್ಲಿ ಮುಖ್ಯ. ಕುರ್ದ್ ಆಡಳಿತಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಇರಲಿಲ್ಲ. ಅದರ ನ್ಯಾಯಾಲಯಗಳಿಗೂ ಇರಲಿಲ್ಲ. ಬಂದಿಗಳಾದರೋ ಹತ್ತಾರು ದೇಶಗಳವರು. ತಂತಮ್ಮ ಪ್ರಜೆಗಳನ್ನು ಕರೆದೊಯ್ಯಿರೆಂದು ಕಾವಲುಗಾರರೇ ಬೇಡಿಕೊಂಡರೂ ಬಹುಪಾಲು ಸರ್ಕಾರಗಳು ಮೌನ ತಾಳಿದವು. ಹೀಗೆ ಆರೋಪಪಟ್ಟಿ, ವಿಚಾರಣೆ, ಬಿಡುಗಡೆಯ ದಿನಾಂಕ ಇವು ಯಾವುವೂ ಇಲ್ಲದೆ ವರ್ಷಗಳು ಸರಿದವು. ಗಂಡುಮಕ್ಕಳು ಹದಿವಯಸ್ಸು ಮುಟ್ಟಿದೊಡನೆ ಹಲವರನ್ನು ತಾಯಿಯಿಂದ ಬೇರ್ಪಡಿಸಿ ಬೇರೆ ಬಂಧನಗೃಹಗಳಿಗೆ ಒಯ್ಯಲಾಯಿತು. 2022ರ ಜನವರಿಯಲ್ಲಿ ಹಸಾಕೆ ಪಟ್ಟಣದ ಕಾರಾಗೃಹದ ಮೇಲೆ ಉಗ್ರರು ದಾಳಿಯಿಟ್ಟಾಗ ಒಳಗೆ ಅಂಥ ನೂರಾರು ಬಾಲಕರಿದ್ದರು.

'ಗಡಿರಹಿತ ವೈದ್ಯರು' ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯಲ್ಲೊಂದು ಘಟನೆಯಿದೆ. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಏಳು ವರ್ಷದ ಬಾಲಕನೊಬ್ಬ ಮುಖ, ಕೈ ಸುಟ್ಟುಕೊಂಡು ಶಿಬಿರದ ಚಿಕಿತ್ಸಾಲಯಕ್ಕೆ ಬಂದ. ಅವನನ್ನು ಉಳಿಸಬಲ್ಲ ಆಸ್ಪತ್ರೆ ಒಂದು ತಾಸಿನ ದಾರಿಯಷ್ಟೂ ದೂರವಿರಲಿಲ್ಲ. ಹೊರಗೆ ಕರೆದೊಯ್ಯಲು ಅನುಮತಿ ದೊರೆಯುವಷ್ಟರಲ್ಲಿ ಎರಡು ದಿನ ಕಳೆಯಿತು. ಬಂದೂಕುಧಾರಿಗಳ ಕಾವಲಿನಲ್ಲಿ, ತಾಯಿ ಜೊತೆಯಿಲ್ಲದೆ, ಆ ಮಗು ದಾರಿಯಲ್ಲೇ ಕಣ್ಮುಚ್ಚಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಲೇಬೇಕು. 2014ರ ಆಗಸ್ಟ್ 6ರ ರಾತ್ರಿ ಇರಾಕಿನ ಕರಾಕೋಶ್ ಪಟ್ಟಣದ ಕ್ರೈಸ್ತರು ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟರು. ಸಿಂಜಾರಿನ ಯಜೀದಿ ಸ್ತ್ರೀಯರನ್ನು ಗುಲಾಮರಾಗಿ ಮಾರಲಾಯಿತು. ಅವರಲ್ಲಿ ಕೆಲವರು ವರ್ಷಗಳ ತರುವಾಯ ಅಲ್-ಹೋಲಿನೊಳಗೇ, ತಮ್ಮನ್ನು ಪೀಡಿಸಿದವರ ಕುಟುಂಬಗಳ ನಡುವೆ ಪತ್ತೆಯಾದರು. ಶಿಬಿರದಲ್ಲಿದ್ದ ಹೆಂಗಸರೆಲ್ಲ ನಿರಪರಾಧಿಗಳೆಂದು ಯಾರೂ ಹೇಳಲಾರರು. ಅಲ್ಲಿ ಕೊಲೆಗಳೂ ನಡೆದವು. ಆದರೆ ವಿಚಾರಣೆಯಿಲ್ಲದ ಸೆರೆಯಿಂದ ಯಜೀದಿ ಹೆಣ್ಣುಮಗಳಿಗೂ ನ್ಯಾಯ ಸಿಗಲಿಲ್ಲ. ತನ್ನನ್ನು ಮಾರಿದವನ ಎದುರು ಸಾಕ್ಷಿ ನುಡಿಯಲು ಆಕೆಗೆ ಕಟಕಟೆಯೇ ಇರಲಿಲ್ಲ. ಈ ಅಂಶವನ್ನು ಸರ್ಕಾರಗಳು ಸುಲಭವಾಗಿ ಮರೆತವೆಂದೇ ನನ್ನ ಭಾವನೆ.

ಬಿಡಿಸಲಾಗದ ಗಂಟೆಂದು ಎಲ್ಲರೂ ಕೈಚೆಲ್ಲಿದಾಗ ಮೊದಲು ಮುಂದೆ ಬಂದವು ಶ್ರೀಮಂತ ರಾಷ್ಟ್ರಗಳಲ್ಲ. ಕಜಕಸ್ತಾನವು 2019ರಲ್ಲಿ 'ಜುಸಾನ್' ಎಂಬ ಕಾರ್ಯಾಚರಣೆ ನಡೆಸಿ ಸುಮಾರು 600 ಮಂದಿಯನ್ನು ವಿಮಾನದಲ್ಲಿ ಕರೆತಂದಿತು; ಬಹುಪಾಲು ಮಕ್ಕಳು. ಜುಸಾನ್ ಎಂದರೆ ಅಲ್ಲಿನ ಹುಲ್ಲುಗಾವಲುಗಳಲ್ಲಿ ಬೆಳೆಯುವ, ತಾಯ್ನೆಲದ ಪರಿಮಳವನ್ನು ನೆನಪಿಸುವ ಒಂದು ಗಿಡ. ಗಂಡಸರನ್ನು ನ್ಯಾಯಾಲಯಕ್ಕೆ ಒಪ್ಪಿಸಿದರು. ತಾಯಿ-ಮಕ್ಕಳನ್ನು ಕೆಲಕಾಲ ವೈದ್ಯರ, ಮನಶ್ಶಾಸ್ತ್ರಜ್ಞರ ಆರೈಕೆಯಲ್ಲಿಟ್ಟು ಬಂಧುಗಳ ಬಳಿಗೆ ಕಳುಹಿಸಿದರು. ಯೂರೋಪಿನ ದೇಶಗಳು ಬಹಳ ತಡವಾಗಿ, ಸಣ್ಣ ಸಣ್ಣ ಗುಂಪುಗಳಲ್ಲಿ ಕರೆಸಿಕೊಂಡವು. ನಿರಾಕರಿಸುವುದಾದರೆ ಅದು ಮನಬಂದಂತಿರಬಾರದೆಂದು 2022ರ ಸೆಪ್ಟೆಂಬರಿನಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೇ ಫ್ರಾನ್ಸಿಗೆ ಹೇಳಬೇಕಾಯಿತು. ನಮ್ಮ ನೆರೆಯ ಕೇರಳದಿಂದ ಆಫ್ಘಾನಿಸ್ತಾನಕ್ಕೆ ಹೋಗಿ, 2019ರಲ್ಲಿ ಶರಣಾಗಿ ಕಾಬೂಲಿನ ಸೆರೆಯಲ್ಲಿದ್ದ ಕೆಲ ಮಹಿಳೆಯರ ವಿಚಾರದಲ್ಲಿ ಭಾರತವೂ ಇದೇ ಪ್ರಶ್ನೆಯನ್ನು ಎದುರಿಸಿತು.

ಹೆಚ್ಚು ಕಠಿಣವಾದ ಹಾದಿ ಇರಾಕಿನದು. 2021ರ ಮಾರ್ಚ್ 7ರಂದು ಜಗದ್ಗುರು ಫ್ರಾನ್ಸಿಸರು ಮೋಸೂಲಿನ ಭಗ್ನ ದೇವಾಲಯಗಳ ನಡುವೆ ನಿಂತು ಪ್ರಾರ್ಥಿಸಿದರು. ಅದೇ ದಿನ ಕರಾಕೋಶಿನಲ್ಲಿ, ದಾಳಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಅವರೆದುರು ಕ್ಷಮೆಯ ಮಾತನ್ನಾಡಿದಳು. ಅದೇ ವರ್ಷದ ಮೇ ತಿಂಗಳಿನಲ್ಲಿ ಅಲ್-ಹೋಲಿನ ಮೊದಲ ಇರಾಕಿ ಕುಟುಂಬಗಳು ಬಸ್ಸುಗಳಲ್ಲಿ ಮೋಸೂಲಿನ ದಕ್ಷಿಣಕ್ಕಿರುವ ಕಯ್ಯಾರಾ ಬಳಿಯ ಶಿಬಿರಕ್ಕೆ ಬಂದಿಳಿದವು. ಎರಡೂ ಒಂದೇ ನಿನೆವೆ ಪ್ರಾಂತ್ಯ. ಯೋನನು ಹೋಗಲೊಲ್ಲೆನೆಂದದ್ದು ಇದೇ ನಿನೆವೆಗೆ ಎಂಬುದು ಯಾರಿಗಾದರೂ ನೆನಪಾಗದಿರದು. ನೆರೆಹೊರೆಯವರು ಸುಲಭವಾಗಿ ಒಪ್ಪಲಿಲ್ಲ. ಬುಡಕಟ್ಟಿನ ಹಿರಿಯರು ಕೂತು ಒಪ್ಪಂದ ಮಾಡಿಸಬೇಕಾಯಿತು. ಅನೇಕ ಹೆಂಗಸರು ನ್ಯಾಯಾಧೀಶರ ಮುಂದೆ ನಿಂತು ಗಂಡನ ಮೇಲೆಯೇ ದೂರು ಕೊಟ್ಟರೆ ಮಾತ್ರ ಗುರುತಿನ ಕಾಗದ ದೊರೆಯುತ್ತಿತ್ತು. ಆ ಕಾಗದವಿಲ್ಲದೆ ಮಗುವಿಗೆ ಶಾಲೆಯಿಲ್ಲ. ಇಷ್ಟೆಲ್ಲ ತೊಡಕುಗಳ ನಡುವೆಯೂ 2025ರ ಅಂತ್ಯದೊಳಗೆ ಹದಿನೈದು ಸಾವಿರಕ್ಕೂ ಮಿಕ್ಕಿ ಇರಾಕಿಗಳು ಹಿಂದಿರುಗಿದ್ದರು.

ಉಳಿದವರ ಗತಿಯನ್ನು ಕೊನೆಗೂ ಯಾವ ಸಮಾಲೋಚನೆಯೂ ನಿರ್ಧರಿಸಲಿಲ್ಲ. 2024ರ ಡಿಸೆಂಬರಿನಲ್ಲಿ ಅಸ್ಸಾದ್ ಆಡಳಿತ ಉರುಳಿತ್ತು. 2026ರ ಜನವರಿಯಲ್ಲಿ ಸಿರಿಯದ ಹೊಸ ಸರ್ಕಾರದ ಸೇನೆ ಮುನ್ನುಗ್ಗಿದಾಗ ಕುರ್ದ್ ಕಾವಲುಗಾರರು ಅಲ್-ಹೋಲನ್ನು ಬಿಟ್ಟು ಹಿಂದೆ ಸರಿದರು. ಕಾರಾಗೃಹಗಳಲ್ಲಿದ್ದ ಗಂಡಸರನ್ನು ಅಮೆರಿಕದ ಸೇನೆ ಇರಾಕಿಗೆ ಸಾಗಿಸತೊಡಗಿತು. ಬಾಗೂಜ್ ಬಿದ್ದ ವರ್ಷ ಆ ಗುಡಾರಗಳಲ್ಲಿ ಹುಟ್ಟಿದ ಮಕ್ಕಳಿಗೆ ಆಗ ಏಳನೆಯ ವರ್ಷ ನಡೆಯುತ್ತಿತ್ತು. ಅವರಲ್ಲಿ ಅನೇಕರ ಬಳಿ ಜನನಪತ್ರವಿರಲಿಲ್ಲ.